ಚೂರಣ್ಣನ ಸೌಟು ಮತ್ತು ಎರಡನೇ ತೊಟ್ಟಿ

ಮೀನುಮರಿ ಸಾಕುವ ಕೇಂದ್ರದಲ್ಲಿ ಎಲ್ಲರೂ ಅವನನ್ನು ಚೂರಣ್ಣ ಎಂದೇ ಕರೆಯುತ್ತಿದ್ದರು. ಆಳೇನೂ ಚೂರಷ್ಟಿರಲಿಲ್ಲ, ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕು ಅರ್ಧ ಕಡಿಮೆಯಾಗುತ್ತಿತ್ತು. ಎದುರಿಗೆ ಯಾರಾದರೂ ತಟ್ಟೆ ಇಟ್ಟುಕೊಂಡು ಕೂತರೆ ಸಾಕು, "ಇನ್ನೊಂದು ಚೂರು, ಇನ್ನೊಂದೇ ಚೂರು" ಎನ್ನದೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅದರಿಂದ ಅಂಟಿಕೊಂಡ ಹೆಸರು ಅದು. ಚೂರು ಎಂದರೆ ಎಷ್ಟು ಎಂದು ಮಾತ್ರ ಯಾರೂ ಕೇಳಬಾರದು. ಅವನ ಒಂದು ಚೂರಿನಲ್ಲಿ ಬೇರೆಯವರ ಮನೆಯಲ್ಲಿ ಇಬ್ಬರು ಉಂಡು ಏಳಬಹುದಿತ್ತು.

ಈ ಕೆಲಸಕ್ಕೆ ಬರುವ ಮೊದಲು ಅವನು ಬಟ್ಟೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಬಡಿಸುವವನಾಗಿದ್ದ. ಬಡಿಸುವುದರಲ್ಲಿ ಅವನದು ಎತ್ತಿದ ಕೈ. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು. ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ತಿರುಗುವಾಗ ಬಕೆಟ್ಟಿನ ಅಂಚಿಗೆ ಸೌಟಿನಿಂದ ಟಣ್ ಟಣ್ ಎಂದು ಎರಡೇಟು ಹಾಕುತ್ತಿದ್ದ. ಇನ್ನೂ ಇದೆ, ಧಾರಾಳವಾಗಿದೆ, ನಾಚಿಕೊಳ್ಳಬೇಡಿ ಎಂಬುದು ಆ ಸದ್ದಿನ ಅರ್ಥ. ತಾನು ಹಿಡಿದ ಬಕೆಟ್ಟು ಒಂದು ದಿನವೂ ಮಿಕ್ಕದ್ದು ಹೊತ್ತುಕೊಂಡು ಅಡುಗೆಮನೆಗೆ ವಾಪಸು ಹೋಗಿಲ್ಲ ಎಂದು ಅವನು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದ. ಉಂಡವರಲ್ಲಿ ಎಷ್ಟು ಜನ ಮಧ್ಯಾಹ್ನದ ಮೇಲೆ ಮಗ್ಗದ ಪಕ್ಕದಲ್ಲೇ ತೂಕಡಿಸುತ್ತಿದ್ದರು ಎಂಬ ವಿಚಾರಕ್ಕೆ ಹೋಗುತ್ತಿರಲಿಲ್ಲ.

ಏಳು ಮಕ್ಕಳ ಮನೆಯಲ್ಲಿ ಅವನು ಆರನೆಯವನು. ಅವನ ತಟ್ಟೆಯ ಹತ್ತಿರ ಬರುವಷ್ಟರಲ್ಲಿ ಅಮ್ಮನ ಸೌಟು ಪಾತ್ರೆಯ ತಳ ಕೆರೆಯುತ್ತಿತ್ತು. ಆ ಸದ್ದು ಕೇಳಿದರೆ ಈ ವಯಸ್ಸಿನಲ್ಲೂ ಅವನ ಹೊಟ್ಟೆಯೊಳಗೆ ಏನೋ ಸಂಕಟವಾಗುತ್ತಿತ್ತು. ಅದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಎದುರಿಗೆ ಬಂದವರಿಗೆಲ್ಲ ಬಡಿಸಿ ಬಡಿಸಿ ಆ ಸಂಕಟವನ್ನು ಕಳೆದುಕೊಳ್ಳುತ್ತಿದ್ದ, ಅಷ್ಟೇ. ಅದರ ಪೆಟ್ಟು ತಿಂದವರು ಅವನ ಮನೆಯವರು. ಹೆಂಡತಿ ತನ್ನ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದುಕೊಂಡೇ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದಳು. ಇನ್ನು ಅಳಿಯ. ಬೇರೆ ಮನೆಗಳ ಅಳಿಯಂದಿರು ಊಟದ ಹೊತ್ತು ನೋಡಿಕೊಂಡು ಬರುತ್ತಾರೆ. ಈ ಅಳಿಯ ಊಟದ ಹೊತ್ತು ತಪ್ಪಿಸಿಕೊಂಡು ಬರುತ್ತಿದ್ದ. ಬಂದವನು ಕುರ್ಚಿಯ ತುದಿಯಲ್ಲಿ ಕೂತು, ಅಡುಗೆಮನೆಯಲ್ಲಿ ಪಾತ್ರೆ ಅಲುಗಾಡಿದ ಸದ್ದಾದರೆ ಎದ್ದು ಚಪ್ಪಲಿ ಹುಡುಕುತ್ತಿದ್ದ.

ಕಾರ್ಖಾನೆ ಮುಚ್ಚಿತು. ಚೂರಣ್ಣನ ಸೌಟು ಗೋಡೆಯ ಮೊಳೆಗೆ ನೇತುಬಿದ್ದಿತು. ಆಗ ಹೆಂಡತಿಯ ತಮ್ಮ, ಕೆರೆಯ ದಡದ ಮೀನುಮರಿ ಕೇಂದ್ರದಲ್ಲಿ ಗೇಟು ಕಾಯುವವನು, ಒಂದು ಸುದ್ದಿ ತಂದ.

"ಭಾವ, ನಮ್ಮಲ್ಲಿ ಮರಿಗಳಿಗೆ ಫೀಡ್ ಹಾಕೋಕೆ ಒಬ್ರು ಬೇಕಂತೆ. ಬಾಯಿ ಇರೋದಕ್ಕೆಲ್ಲ ತಿನ್ನಿಸ್ಬೇಕು ಅನ್ನೋ ನಿಮಗೆ ಹೇಳಿ ಮಾಡಿಸಿದ ಕೆಲ್ಸ. ಸಾವಿರಾರು ಬಾಯಿ ಇದಾವೆ. ಒಂದೂ ಸಾಕು ಅನ್ನಲ್ಲ."

ಚೂರಣ್ಣ ಮೊಳೆಯಿಂದ ಸೌಟನ್ನು ತೆಗೆದುಕೊಂಡೇ ಹೊರಟ.

ತಗಡಿನ ಮಾಡಿನ ಉದ್ದನೆಯ ಶೆಡ್ಡು, ಅದರೊಳಗೆ ಎದೆಮಟ್ಟದ ಸಿಮೆಂಟ್ ತೊಟ್ಟಿಗಳು, ನೀರಿಗೆ ಗಾಳಿ ಊದುವ ಪಂಪಿನ ಗುರ್‍ರ್ ಎಂಬ ಸದ್ದು, ಒದ್ದೆ ನೆಲ, ರಬ್ಬರ್ ಬೂಟು. ಮರಿಗಳು ಆಗ ರೆಪ್ಪೆಗೂದಲಿನಷ್ಟೇ ಇದ್ದವು. ಚೂರಣ್ಣ ತೊಟ್ಟಿಯ ಅಂಚಿನ ಕಬ್ಬಿಣದ ಪಟ್ಟಿಗೆ ಟಣ್ ಟಣ್ ಎಂದು ಎರಡೇಟು ಹಾಕಿ, ಸೌಟಿನಿಂದ ಫೀಡಿನ ಪುಡಿ ಉದುರಿಸಿದ. ಕೆಲವೇ ದಿನಗಳಲ್ಲಿ ಸದ್ದು ಕೇಳಿದ ಕೂಡಲೇ ಇಡೀ ತೊಟ್ಟಿಯ ಮರಿಗಳು ಅವನ ಕೆಳಗೆ ಬಂದು ಗಿಜಿಗುಟ್ಟತೊಡಗಿದವು. ಕ್ಯಾಂಟೀನಿನಲ್ಲಿ ಇಂಥ ಮರ್ಯಾದೆ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಸಂಜೆ ಮನೆಗೆ ಹೋಗಿ, "ಒಂದಾದ್ರೂ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾ ನೋಡು" ಎಂದು ಹೆಂಡತಿಗೆ ಚುಚ್ಚಿದ.

"ಅವಕ್ಕೆ ಕೈ ಇದ್ದಿದ್ರೆ ಹಿಡೀತಿದ್ವು ಬಿಡಿ" ಎಂದಳು ಅವಳು.

ಆ ವರ್ಷ ಮರಿಗಳು ಬೆರಳುದ್ದವಾದ ಮೇಲೆ ಅವನ್ನು ಕೆರೆಗೆ ಬಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ದಡದುದ್ದಕ್ಕೂ ಕೊಕ್ಕರೆಗಳು ಊಟಕ್ಕೆ ಸಾಲು ಹಿಡಿದಂತೆ ನಿಂತಿದ್ದವು. ಯಾವುದಕ್ಕೂ ಅವಸರವಿರಲಿಲ್ಲ. ಕತ್ತು ಬಗ್ಗಿಸಿದ ಕಡೆಯೇ ಮರಿಗಳು ಬಂದು ಸಿಗುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಬಲೆ ಬೀಸಿದರೂ ಒಂದು ಮರಿ ಸಿಗದಂತಾಯಿತು. ಚೂರಣ್ಣ ದಡದಲ್ಲಿ ನಿಂತು ಕಣ್ಣೊರೆಸಿಕೊಂಡ. ಆಮೇಲೆ ತನ್ನ ತಲೆಗೆ ಹೊಳೆದದ್ದನ್ನು ನಿರ್ಧಾರ ಮಾಡಿಕೊಂಡ: ಪಾಪದವು, ಮೈಯಲ್ಲಿ ಕಸುವಿಲ್ಲದೆ ಓಡಲಾಗಲಿಲ್ಲ. ಮುಂದಿನ ವರ್ಷ ಇನ್ನೊಂದು ಚೂರು ಜಾಸ್ತಿ ಹಾಕಬೇಕು.

ಮುಂದಿನ ವರ್ಷ ಬಂದದ್ದು ಮೇಡಂ.

ಮೀನುಮರಿಗಳ ನಡವಳಿಕೆಯನ್ನೇ ಓದಿಕೊಂಡು ಬಂದಿದ್ದ ಹುಡುಗಿ. ದಪ್ಪ ಕನ್ನಡಕ, ಬೂಟಿನೊಳಗೆ ಸೇರದ ಪ್ಯಾಂಟು. ಊಟದ ಡಬ್ಬಿಯನ್ನು ಅರ್ಧ ತಿಂದು ಅರ್ಧ ಮುಚ್ಚಿಡುವ ಅಭ್ಯಾಸ ಬೇರೆ; ಅದನ್ನು ನೋಡಿದಾಗಲೆಲ್ಲ ಚೂರಣ್ಣನ ಕೈ ಕಡಿಯುತ್ತಿತ್ತು. ಆಕೆ ಬಂದವಳೇ ಒಂದನೇ ತೊಟ್ಟಿಯನ್ನು ಇದ್ದ ಹಾಗೇ ಬಿಟ್ಟು, ಎರಡನೇ ತೊಟ್ಟಿಗೆ ಕಲ್ಲು ತುಂಬಿಸಿದಳು, ನೀರುಗಿಡ ನೆಡಿಸಿದಳು, ಒಂದು ಒಡೆದ ಮಡಕೆಯನ್ನೂ ಬೋರಲು ಹಾಕಿಸಿದಳು. ಫೀಡು ಕೈಯಿಂದ ಉದುರಿಸುವಂತಿಲ್ಲ, ನೀರೊಳಗೆ ಇಳಿಬಿಟ್ಟ ಪೈಪಿನಲ್ಲಿ ಹೋಗಬೇಕು. ಅದೂ ಅರೆಹೊಟ್ಟೆಗೆ, ಹೊತ್ತಲ್ಲದ ಹೊತ್ತಿನಲ್ಲಿ. ಸೌಟಿನ ಸದ್ದಂತೂ ಕೂಡದೇ ಕೂಡದು.

"ಮಕ್ಕಳನ್ನ ಅರೆಹೊಟ್ಟೇಲಿ ಇಡೋದಾ ಮೇಡಂ?" ಚೂರಣ್ಣನ ಕಣ್ಣು ಇಷ್ಟಗಲವಾಯಿತು.

"ಚೂರಣ್ಣ, ಹೋದ್ ವರ್ಷದ ಮರಿಗಳು ಯಾಕೆ ಹೋದ್ವು ಗೊತ್ತಾ? ಮೇಲೆ ನೆರಳು ಬಿದ್ರೆ ಊಟ ಬಂತು ಅಂದ್ಕೊಂಡು ತಾವಾಗೇ ಕೊಕ್ಕರೆ ಬಾಯಿಗೆ ಬಂದ್ವು. ಬೋಳು ತೊಟ್ಟೀಲಿ ಬೆಳೆದೋವು. ಅಡಗೋದು ಅಂದ್ರೇನು ಅಂತ್ಲೇ ಗೊತ್ತಿಲ್ಲ."

"ಹೊಟ್ಟೆ ತುಂಬ ತಿಂದಿದ್ರೆ ಓಡ್ತಿದ್ವು ಮೇಡಂ."

"ಹೊಟ್ಟೆ ತುಂಬಿದ್ದಕ್ಕೇ ಹೀಗಾಗಿದ್ದು. ಹಾಗಂತ ತೀರಾ ಹಸಿದ್ರೂ ಕಷ್ಟ, ಹಸಿದ ಮರಿ ಭಯ ಬಿಟ್ಟು ಹೊರಗೆ ನುಗ್ಗುತ್ತೆ. ಹಸಿವು ಸ್ವಲ್ಪ ಇರ್ಬೇಕು, ಅವಿತ್ಕೊಳ್ಳೋಕೆ ಜಾಗ ಇರ್ಬೇಕು, ಊಟ ಎಲ್ಲಿಂದ ಯಾವಾಗ ಬರುತ್ತೆ ಅಂತ ಗೊತ್ತಿರ್ಬಾರ್ದು. ಆಗ ಹುಡುಕ್ಕೊಂಡು ತಿನ್ನೋದು ಕಲೀತವೆ, ಹುಷಾರಾಗ್ತವೆ." ಆಮೇಲೆ ಆಕೆ ಧ್ವನಿ ತಗ್ಗಿಸಿದಳು. "ತಿಂಗಳ ಕೊನೇಲಿ ದೊಡ್ಡ ಸಾಹೇಬ್ರು ಬರ್ತಾರೆ. ಮರದ ಕೊಕ್ಕರೆ ತಂದು ತೊಟ್ಟಿ ಮೇಲೆ ಹಿಡೀತೀವಿ. ಎರಡನೇ ತೊಟ್ಟಿಯವು ಅಡಗಿದ್ರೆ ಕೆರೆಗೆ ಬಿಡೋದು. ಅವೂ ಮೇಲೆ ಬಂದ್ರೆ ಎರಡೂ ತೊಟ್ಟಿ ಬಾತುಕೋಳಿ ಸಾಕೋನಿಗೆ. ಅವನಾಗ್ಲೇ ಬುಟ್ಟಿ ಹಿಡ್ಕೊಂಡು ಎರಡು ಸಲ ಬಂದು ಹೋದ."

ಚೂರಣ್ಣ ತಲೆಯಾಡಿಸಿದ. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ಅವನಲ್ಲಿ ಸಂಬಂಧವಿರಲಿಲ್ಲ.

ಮೊದಲ ಕೆಲವು ದಿನ ಹೇಳಿದ ಮಾತಿನಂತೆಯೇ ನಡೆದುಕೊಂಡ. ಆದರೆ ಎರಡನೇ ತೊಟ್ಟಿಯ ಬದಿಗೆ ಒಂದು ಗಾಜಿನ ಕಿಟಕಿಯಿತ್ತು, ಕೆಡುಕಾದದ್ದು ಅದರಿಂದ. ಒಂದು ಬಡಕಲು ಮರಿ, ಬಾಲದ ತುದಿ ಹರಿದದ್ದು, ಒಡೆದ ಮಡಕೆಯ ಬಾಯಲ್ಲಿ ನಿಂತು ಹೊರಗೆ ನೋಡುತ್ತಿತ್ತು. ಉಳಿದವು ಪೈಪಿನ ಬಾಯಿಗೆ ನುಗ್ಗಿದರೂ ಇದು ಬರುತ್ತಿರಲಿಲ್ಲ. ಗದ್ದಲ ಮುಗಿದ ಮೇಲೆ ಬಂದು, ಮಿಕ್ಕ ಒಂದೆರಡು ಕಾಳು ಎತ್ತಿಕೊಂಡು, ಗಡಿಬಿಡಿಯಲ್ಲಿ ವಾಪಸು ಓಡುತ್ತಿತ್ತು. ಚೂರಣ್ಣ ಅದಕ್ಕೆ ಅಳಿಯ ಎಂದು ಹೆಸರಿಟ್ಟ. ಕೊನೆಗೆ ಉಣ್ಣುವವನ ಪಾಡು ಏನೆಂದು ಆ ಶೆಡ್ಡಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಾರು? ಒಂದು ದಿನ ಪೈಪು ಬರಿದಾಗುವಾಗ ಕರ್ ಎಂದು ತಳ ಕೆರೆದ ಹಾಗೆ ಸದ್ದು ಮಾಡಿತು. ಅವನಿಗೆ ತಡೆಯಲಾಗಲಿಲ್ಲ.

ಮೇಡಂ ಚಹಾಕ್ಕೆಂದು ಗೇಟಿನಾಚೆ ಹೋದದ್ದು ನೋಡಿ ಅವನು ಎರಡನೇ ತೊಟ್ಟಿಯ ಅಂಚಿಗೆ ಮೆಲ್ಲಗೆ ಟಣ್ ಟಣ್ ಎಂದ. ಒಂದು ಸೌಟು ಫೀಡು ಉದುರಿಸಿದ. ಮಾರನೆಯ ದಿನವೂ ಅಷ್ಟೇ. ಮೇಡಂ ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತಾಳೋ ಅಷ್ಟು ಸಲ ಎರಡನೇ ತೊಟ್ಟಿಗೆ ಊಟ. ಆಕೆಗೆ ಚಹಾದ ಚಟವಿತ್ತು. ಎಲ್ಲ ಮರಿಗಳೂ ಬೇಗ ಸದ್ದಿಗೆ ಒಗ್ಗಿಕೊಂಡವು. ಅಳಿಯನೊಬ್ಬನೇ ಬಹಳ ದಿನ ಸತಾಯಿಸಿ, ಒಂದು ಮಧ್ಯಾಹ್ನ ಮಡಕೆಯಿಂದ ಹೊರಬಿದ್ದು, ಎಲ್ಲರಿಗಿಂತ ಮುಂದೆ ನುಗ್ಗಿ ಸೌಟಿನ ಕೆಳಗೇ ಬಂದು ಬಾಯಿ ತೆರೆದ. "ಬಂದ್ಯೇನೋ ರಾಜ! ತಿನ್ನು, ಇನ್ನೊಂದು ಚೂರು ತಿನ್ನು" ಎಂದು ಚೂರಣ್ಣ ಇನ್ನೊಂದು ಸೌಟು ಉದುರಿಸಿದ. ಮನೆಯ ಅಳಿಯ ಒಲಿಯದಿದ್ದರೇನು, ತೊಟ್ಟಿಯ ಅಳಿಯನಾದರೂ ಒಲಿದ.

ಇತ್ತ ಮೇಡಂ ತಲೆ ಕೆರೆದುಕೊಳ್ಳುತ್ತಿದ್ದಳು. ಅರೆಹೊಟ್ಟೆಯ ಮರಿಗಳು ತೂಕಕ್ಕಿಟ್ಟರೆ ಇರಬೇಕಾದ್ದಕ್ಕಿಂತ ಹೆಚ್ಚು ತೂಗುತ್ತಿದ್ದವು. ಆಕೆ ತಕ್ಕಡಿ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಿದಳು. ರಿಪೇರಿಯವನು ಸರಿಯಿದೆ ಎಂದು ವಾಪಸು ಕಳಿಸಿದ. ಆಕೆ ಅವನಿಗೆ ಬೈದು ಮತ್ತೆ ಕಳಿಸಿದಳು. ಚೂರಣ್ಣ ಪಕ್ಕದಲ್ಲಿ ನಿಂತು, "ಈಗಿನ ಯಂತ್ರಗಳನ್ನ ನಂಬೋಕಾಗಲ್ಲ ಮೇಡಂ" ಎಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ, ಆದರೆ ಅಂದದ್ದು ಅಂದಾಗಿತ್ತು.

ಸಾಹೇಬರು ಬರುವುದಕ್ಕೆ ಇನ್ನೂ ಹತ್ತು ದಿನವಿರುವಾಗ ಮೇಡಂ ತಾನೇ ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದಳು. ಬಡಗಿಯವನು ಮುರಿದ ಕುರ್ಚಿಯ ಕಾಲಿನಿಂದ ಕೊಕ್ಕರೆಯ ತಲೆ ಮಾಡಿಕೊಟ್ಟಿದ್ದ. ಹಳದಿ ಬಳಿದ ಕೊಕ್ಕು, ಎರಡು ಗುಂಡಿ ಅಂಟಿಸಿದ ಕಣ್ಣು. ಕೊಕ್ಕರೆಗಿಂತ ಸೋತ ಛತ್ರಿಯನ್ನೇ ಹೆಚ್ಚು ಹೋಲುತ್ತಿತ್ತು. ಒಂದನೇ ತೊಟ್ಟಿಯ ಮೇಲೆ ಹಿಡಿದರೆ ಮರಿಗಳೆಲ್ಲ ಅದರ ಕೆಳಗೆ ಬಂದು ಬಾಯಿ ತೆರೆದವು. ಅದು ಗೊತ್ತಿದ್ದದ್ದೇ. ಎರಡನೇ ತೊಟ್ಟಿಯ ಮೇಲೆ ಹಿಡಿಯುವಾಗ ಆಕೆಯ ಕೊಕ್ಕರೆ ಜಾರಿ, ಅಂಚಿನ ಕಬ್ಬಿಣಕ್ಕೆ ಟಣ್ ಎಂದು ತಾಗಿತು. ಕಲ್ಲಿನ ಸಂದಿಯಿಂದ, ಗಿಡದ ಬುಡದಿಂದ, ಮಡಕೆಯಿಂದ ಇಡೀ ಸಂಸಾರ ಎದ್ದು ಬಂತು. ಎಲ್ಲಕ್ಕಿಂತ ಮುಂದೆ ಹರಿದ ಬಾಲದ ಅಳಿಯ. ಅವನು ಬಂದವನೇ ಕೊಕ್ಕಿನ ಎರಡು ಹಲಗೆಗಳ ನಡುವೆಯೇ ತಲೆ ತೂರಿಸಿ ನಿಂತ.

ಚೂರಣ್ಣ ಕಿಟಕಿಗೆ ಬಗ್ಗಿದ. ಹೋದ ವರ್ಷ ದಡದಲ್ಲಿ ಕಂಡದ್ದು ಈಗ ಒಂದು ಮೊಳ ದೂರದಲ್ಲಿ, ಗಾಜಿನ ಹಿಂದೆ, ಕಣ್ಣಿಗೆ ರಾಚುವಂತೆ ನಡೆಯುತ್ತಿತ್ತು. ಓಡಲಾಗದ ಮರಿಗಳಲ್ಲ ಇವು. ಓಡಿ ಓಡಿ ಬರುತ್ತಿದ್ದವು.

ಮೇಡಂ ಮರದ ಕೊಕ್ಕರೆಯನ್ನು ನೆಲಕ್ಕಿಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದಳು. "ನಾನು ಓದಿದ್ದೆಲ್ಲ ಸುಳ್ಳಾಯ್ತು ಚೂರಣ್ಣ. ಆ ಬಾತುಕೋಳಿಯವನಿಗೆ ಹೇಳಿಕಳಿಸಿಬಿಡಿ."

ಚೂರಣ್ಣ ಸುಮ್ಮನಿದ್ದುಬಿಡಬಹುದಿತ್ತು. ಓದಿದವರ ಲೆಕ್ಕ ತಪ್ಪಿತು ಎಂದು ಊರೆಲ್ಲ ನಂಬುತ್ತಿತ್ತು. ಆದರೆ ಬಾತುಕೋಳಿಯವನ ಬುಟ್ಟಿ ನೆನೆದಾಗ ಅವನ ಕಣ್ಣೆದುರು ಬಂದದ್ದು ಅಳಿಯ.

"ಮೇಡಂ, ಸುಳ್ಳಾಗಿದ್ದು ನಿಮ್ಮ ಓದಲ್ಲ" ಎಂದ. "ನೀವು ಚಹಾಕ್ಕೆ ಹೋದಾಗೆಲ್ಲ ನಾನು... ಒಂದು ಚೂರು..."

ಆಕೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು. "ತಕ್ಕಡೀನ ಎರಡು ಸಲ ರಿಪೇರಿಗೆ ಕಳ್ಸಿದೀನಿ ಮಾರಾಯ್ರೇ! ಅವನಿಗೆ ಬಾಯಿಗೆ ಬಂದ ಹಾಗೆ ಬೈದಿದೀನಿ!"

"ಅವನಿಗೆ ನಾನೇ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀರಿ?" ಎಂದು ಕಿರುಚಿದವಳು, ಅವನ ಮುಖ ನೋಡಿ ತಡೆಯಲಾರದೆ ನಕ್ಕಳು. ನಕ್ಕು ಮುಗಿಸಿ ಮತ್ತೆ ಬೈದಳು. ಚೆನ್ನಾಗಿಯೇ ಬೈದಳು, ಚೂರಣ್ಣ ಒಂದೂ ಬಿಡದೆ ತಿಂದ. ಕೊನೆಗೆ ಆಕೆ ಹೇಳಿದಳು: "ಇನ್ನೂ ಹತ್ತು ದಿನ ಇದೆ. ಕಲಿಸಿದೋರು ನೀವೇ, ಮರೆಸೋರೂ ನೀವೇ. ಅದೇ ಸೌಟು, ಅದೇ ಸದ್ದು. ಮೇಲೆ ಬಂದ ತಕ್ಷಣ ಫೀಡಲ್ಲ, ಈ ಕೊಕ್ಕು. ಹೆದರಿಸ್ಬೇಕು."

"ನಾನಾ?"

"ನಿಮ್ಮ ಸದ್ದಿಗೇ ತಾನೇ ಅವು ಬರೋದು?"

ಹುಟ್ಟಿದಾಗಿನಿಂದ ಯಾರನ್ನೂ ಹೆದರಿಸದ ಮನುಷ್ಯ ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಕುರ್ಚಿಕಾಲಿನ ಕೊಕ್ಕರೆ ಹಿಡಿದು ನಿಂತ. ಟಣ್ ಟಣ್. ಮರಿಗಳು ಬಂದವು. ಚೂರಣ್ಣ ಕೊಕ್ಕನ್ನು ಎಷ್ಟು ಮೆತ್ತಗೆ ಇಳಿಸಿದನೆಂದರೆ ಮರಿಗಳು ಸುತ್ತ ಸೇರಿ ಅದರ ಹಳದಿ ಬಣ್ಣವನ್ನು ಕಚ್ಚಿ ನೋಡತೊಡಗಿದವು.

"ಅದೇನು ಹೆದರಿಸೋದಾ, ಬಡಿಸೋದಾ?" ಎಂದಳು ಮೇಡಂ.

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಕೊಕ್ಕಿನ ಸಂದಿಗೆ ಅಳಿಯ ಮತ್ತೆ ತಲೆ ತೂರಿಸಿದ. ಚೂರಣ್ಣನಿಗೆ ಎಲ್ಲಿತ್ತೋ ಸಿಟ್ಟು, ಅಳಿಯನ ಮೇಲೋ ತನ್ನ ಮೇಲೋ, ಕೊಕ್ಕರೆಯನ್ನೆತ್ತಿ ನೀರಿಗೆ ಛಟೀರೆಂದು ಬಡಿದ. "ಬರಬೇಡ್ರೋ! ಯಾರು ಕರೆದ್ರೂ ಬರಬೇಡ್ರೋ! ನಾನು ಕರೆದ್ರೂ ಬರಬೇಡ್ರೋ!" ನೀರು ಅವನ ಮುಖಕ್ಕೆ, ಮೇಡಂ ಕನ್ನಡಕಕ್ಕೆ ಹಾರಿತು. ನೀರು ನಿಂತಾಗ ತೊಟ್ಟಿಯಲ್ಲಿ ಒಂದು ಮರಿಯೂ ಕಾಣಲಿಲ್ಲ. ಗಾಜಿನ ಕಿಟಕಿಯಲ್ಲಿ ಬಗ್ಗಿ ನೋಡಿದ. ಮಡಕೆಯ ಆಳದಲ್ಲಿ ಎರಡು ಕಣ್ಣು ಅವನನ್ನು ನೋಡಿ, ಇನ್ನೂ ಹಿಂದಕ್ಕೆ ಸರಿದವು.

ಅವತ್ತು ಅವನು ಚಹಾ ಕುಡಿಯಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಹೆಂಡತಿ ಅಭ್ಯಾಸಬಲದಿಂದ ತಟ್ಟೆಗೆ ಕೈ ಅಡ್ಡ ಹಿಡಿದುಕೊಂಡಳು. ಎಷ್ಟು ಹೊತ್ತು ಹಿಡಿದರೂ ಸೌಟು ಬರಲಿಲ್ಲ. ಕೈ ತೆಗೆದು ನೋಡಿದಳು. ಅವನು ತನ್ನ ಅನ್ನವನ್ನು ಬೆರಳಲ್ಲಿ ಸುಮ್ಮನೆ ಕಲೆಸುತ್ತಿದ್ದ.

"ಮೈ ಹುಷಾರಿಲ್ವೇನ್ರೀ?"

ಅವನು ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ, "ನನ್ನನ್ನ ನೋಡಿ ಓಡಿ ಹೋಯ್ತು ಕಣೇ" ಎಂದ.

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. "ನಾನೂ ಇಷ್ಟು ವರ್ಷದಿಂದ ಓಡ್ತಾನೇ ಇದೀನಿ. ನೀವು ನೋಡ್ಲಿಲ್ಲ ಅಷ್ಟೇ" ಎಂದಳು. ಆಮೇಲೆ ತಾನೇ ಸೌಟು ತೆಗೆದುಕೊಂಡು, ಅವನ ತಟ್ಟೆಗೆ ಹಾಕಿದಳು. ಮದುವೆಯಾದ ಮೇಲೆ ಅವನಿಗೆ ಬೇರೆಯವರು ಬಡಿಸಿದ್ದು ಬಹುಶಃ ಅದೇ ಮೊದಲು. ಅವನು ಸಾಕು ಎನ್ನಲಿಲ್ಲ.

ಮುಂದಿನ ದಿನಗಳಲ್ಲಿ ಶೆಡ್ಡಿನ ಕಡೆಯಿಂದ ಟಣ್ ಟಣ್, ಛಟೀರ್ ಎಂಬ ಸದ್ದು ಕೇಳುತ್ತಲೇ ಇತ್ತು. ಗೇಟು ಕಾಯುವ ಭಾವಮೈದುನ ಮುಸಿಮುಸಿ ನಕ್ಕ. ಮೊದಮೊದಲು ಅರ್ಧ ಮರಿಗಳಾದರೂ ಬಂದು ಪೆಟ್ಟಿನ ಸದ್ದು ಕೇಳಿ ಓಡುತ್ತಿದ್ದವು. ಆಮೇಲೆ ನಾಲ್ಕೋ ಐದೋ. ಆಮೇಲೆ ಸೌಟು ಅಂಚಿಗೆ ತಾಗುವುದೇ ತಡ, ಇದ್ದಬದ್ದವೆಲ್ಲ ಕಲ್ಲಿನ ಸಂದಿಗೆ. ಹೊಟ್ಟೆಗೆ ಪೈಪಿನಲ್ಲಿ ಬಂದಷ್ಟೇ; ಗಿಡದ ಬುಡದಲ್ಲಿ, ಕಲ್ಲಿನ ಕೆಳಗೆ ಮೂಗು ತೂರಿಸಿ ಹುಡುಕಿಕೊಂಡು ತಿನ್ನುವುದನ್ನು ಅವು ಕಲಿತವು. ಮೈ ಸ್ವಲ್ಪ ಇಳಿಯಿತು. ಚೂರಣ್ಣನದೂ.

ಸಾಹೇಬರು ಬಂದರು. ಒಂದನೇ ತೊಟ್ಟಿಯ ಮೇಲೆ ಕೊಕ್ಕರೆ ಹಿಡಿದಾಗ ಮರಿಗಳೆಲ್ಲ ಬಂದು ಸಲಾಮು ಹೊಡೆದವು. ಎರಡನೆಯದರ ಅಂಚಿಗೆ ಮೇಡಂ ಬೇಕೆಂದೇ ಸೌಟಿನಿಂದ ಬಡಿದಳು, ಕೊಕ್ಕರೆ ಹಿಡಿದಳು. ಸಾಹೇಬರು ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಖಾಲಿ ತೊಟ್ಟಿ ಅಲ್ವೇನಮ್ಮ? ಇದನ್ನ ಯಾಕೆ ತೋರಿಸ್ತಿದೀರಿ?"

ಮೇಡಂ ಆ ಮಾತಿಗೆ ಹಿಗ್ಗಿದಷ್ಟು ಯಾವ ಹೊಗಳಿಕೆಗೂ ಹಿಗ್ಗಿರಲಾರಳು. ಬಾತುಕೋಳಿಯವನು ಖಾಲಿ ಬುಟ್ಟಿ ಹೊತ್ತು ಹೋದ. ಒಂದನೇ ತೊಟ್ಟಿಗೂ ಕಲ್ಲು, ಗಿಡ ತುಂಬಿಸಿ ಅಲ್ಲಿನ ಮರಿಗಳನ್ನೂ ಒಂದು ತಿಂಗಳು ಪಳಗಿಸಿ ಎಂದು ಸಾಹೇಬರ ಅಪ್ಪಣೆಯಾಯಿತು. ತಕ್ಕಡಿ ರಿಪೇರಿಯವನ ಹತ್ತಿರ ಚೂರಣ್ಣ ಹೋಗಿ ಎಲ್ಲ ಹೇಳಿದ. ತಕ್ಕಡಿಯವನು ಇವನನ್ನೇ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳು ಹೋದ ದೂರ ನೋಡಿ ಸಮಾಧಾನಪಟ್ಟುಕೊಂಡ.

ಎರಡನೇ ತೊಟ್ಟಿಯ ಮರಿಗಳನ್ನು ಕೆರೆಗೆ ಬಿಟ್ಟ ವಾರದ ಮೇಲೆ ದಡದಲ್ಲಿ ಕೊಕ್ಕರೆಗಳು ಕಂಡವು. ಆದರೆ ಸಾಲಿನಲ್ಲಿ ಅಲ್ಲ, ಅಲ್ಲೊಂದು ಇಲ್ಲೊಂದು, ದುಡಿದು ತಿನ್ನುವವರ ಮುಖ ಮಾಡಿಕೊಂಡು ನಿಂತಿದ್ದವು. ಚೂರಣ್ಣ ಸಣ್ಣ ದೋಣಿಯಲ್ಲಿ ಒಬ್ಬನೇ ಹೋದ. ಮೇಡಂ ಕಳಿಸಿದ್ದು ಎಂದು ಭಾವಮೈದುನನಿಗೆ ಹೇಳಿದ್ದ. ಮೇಡಂಗೆ ಸುದ್ದಿಯೇ ಇರಲಿಲ್ಲ. ಕಾಲಡಿ ಒಂದು ಡಬ್ಬಿ ಫೀಡು, ಕೈಯಲ್ಲಿ ಸೌಟು. ನೀರುಗಿಡ ಒತ್ತಾಗಿದ್ದ ಕಡೆ ದೋಣಿ ನಿಲ್ಲಿಸಿ, ಅಂಚಿನ ತಗಡಿಗೆ ಟಣ್ ಟಣ್ ಎಂದ. ನೀರು ಸುಮ್ಮನಿತ್ತು. ಬಾಗಿ ನೋಡಿದ. ಮತ್ತೆ ಟಣ್ ಟಣ್. ಎಲೆಯೊಂದು ಅಲುಗಾಡಿದಂತಾಯಿತು, ಅಷ್ಟೇ. ಬರಬೇಡ್ರೋ ಎಂದು ಅವನ ಮನಸ್ಸು ಕೂಗುತ್ತಿತ್ತು. ಒಂದಾದರೂ ಬಂದೀತು ಎಂದು ಕಣ್ಣು ಹುಡುಕುತ್ತಿತ್ತು. ಬಹಳ ಹೊತ್ತು ಕೂತಿದ್ದು, ಡಬ್ಬಿಯ ಮುಚ್ಚಳ ತೆಗೆಯದೆ ವಾಪಸು ಬಂದ.

ಮನೆಯಲ್ಲಿ ಹೆಂಡತಿ ಚೀಲದಿಂದ ಡಬ್ಬಿ ತೆಗೆದು ಅಲ್ಲಾಡಿಸಿ ನೋಡಿದಳು. ತುಂಬಿಕೊಂಡೇ ಇತ್ತು. ಅವನ ಕೈಯಿಂದ ಊಟ ಮಿಕ್ಕಿ ಬಂದದ್ದನ್ನು ಅವಳು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಯಾಕ್ರೀ, ಯಾರಿಗೂ ಹಸಿವಿರಲಿಲ್ವಾ?"

ಚೂರಣ್ಣ ಸೌಟನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ.

"ಹಸಿವಿತ್ತು ಕಣೇ" ಎಂದ. "ಆದ್ರೂ ಒಂದೂ ಬರ್ಲಿಲ್ಲ."